ಕೋಣೆ

ವಿಷಯ ಸಂಖ್ಯೆ ಹನ್ನೊಂದು.
ಅರ್ಜಿದಾರರು: ಚಂದ್ರಭಾಗಾ ಗಜಾನನ ತಾಂಡೇಲ, ದಂಡೇಭಾಗ, ಮಾಜಾಳಿ.
ಹಾಲಿ ಮನೆಗೆ ತಾಗಿ ಹತ್ತು ಬೈ ಹನ್ನೆರಡರ ಒಂದು ಕೋಣೆ,
ಚಿರೆಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಶೀಟು.
ಉದ್ದೇಶ: ವಾಸ.

ಉದ್ದೇಶದ ಕಾಲಂ ಅರ್ಧ ಇಂಚು.
ಅದರಲ್ಲಿ ಹಿಡಿಯದೆ ಹೊರಗುಳಿದದ್ದು ಇಷ್ಟು:
ಮಗನಿಗೆ ವೈಶಾಖದಲ್ಲಿ ಮದುವೆಯಾಗಿದೆ,
ಮನೆ ಒಂದೇ ಅಂಕಣ, ಮಲಗುವವರು ಆರು ಜನ,
ಹೊಸ ಜೋಡಿಗೂ ಉಳಿದ ನಾಲ್ವರಿಗೂ ನಡುವೆ
ಬಲೆಯ ಹಗ್ಗದ ಮೇಲೆ ಒಂದು ಹಸಿರು ಸೀರೆ.
ಕಡಲಗಾಳಿ ಬಂದರೆ ಅದೂ
ಯಾರ ಪರವಾಗಿಯೂ ನಿಲ್ಲುವುದಿಲ್ಲ.

ನಾನು ಮುಂಡಗೋಡದವನು. ಕೆರೆಯಷ್ಟೇ ನೀರು ಕಂಡವನು.
ಇಲ್ಲಿಗೆ ಬಂದು ಮೂರು ವರ್ಷ. ನಡಾವಳಿ ಬರೆಯುತ್ತೇನೆ.

ಚೆಕ್ಕುಬಂದಿಯಂತೆ ನಾಲ್ಕೂ ದಿಕ್ಕಿನವರಿಗೆ ನೋಟಿಸು,
ತಕರಾರಿದ್ದರೆ ಏಳು ದಿನದೊಳಗೆ.
ಪೂರ್ವದ ರಸ್ತೆ ನಮ್ಮದೇ.
ದಕ್ಷಿಣದ ಬಾವಿಯ ಸಾಳುಂಕೆ ಸಹಿ ಹಾಕಿದ.
ಉತ್ತರದ ಗುಲಾಬಾಯಿ ಹೆಬ್ಬೆಟ್ಟು ಒತ್ತಿ, ಶಾಯಿ ಸೆರಗಿಗೆ ಒರೆಸಿಕೊಂಡು,
‘ಅವಳು ನಮ್ಮ ಅಂಗಳದಲ್ಲಿ ಮೀನು ಒಣಹಾಕದಿದ್ದರೆ ಸಾಕು’ ಅಂದಳು.
ಪಶ್ಚಿಮಕ್ಕೆ: ಸಮುದ್ರ.
ಸಹಿಯ ಜಾಗ ಖಾಲಿ ಬಿಟ್ಟು ಬಂದೆ.

ಸಭೆಯಲ್ಲಿ ನಕ್ಷೆ ಹಾಸಿದೆವು, ಮೂಲೆಗಳಿಗೆ ಚಹಾ ಲೋಟ ಇಟ್ಟು.
ನಕ್ಷೆಯಲ್ಲಿ ಉಬ್ಬರದ ಗೆರೆ ಗಾಳಿಮರದ ತೋಪಿನಾಚೆ.
ತೋಪು ಹೋಗಿ ಮೂರು ಮಳೆಗಾಲ.
‘ಯಾವ ಗೆರೆ ಹಿಡಿಯೋಣ,’ ಅಂದರು ಉಲ್ಲಾಸ ಕೋಠಾರಕರ,
‘ಕಾಗದದ್ದೋ, ನೀರಿನದೋ?’
ಕಾಗದದ್ದಾದರೆ ಕೋಣೆ ಕಟ್ಟಬಹುದು.
ನೀರಿನದಾದರೆ, ಈಗಿರುವ ಮನೆಯೇ ಇಲ್ಲಿರಬಾರದು.
ಯಾರೋ ಕೆಮ್ಮಿದರು. ವಿಷಯ ಹನ್ನೆರಡು, ಬೀದಿದೀಪ.

ನಾನು ಬರೆದೆ: ಕೂಲಂಕಷವಾಗಿ ಚರ್ಚಿಸಲಾಯಿತು.
ಮುಂದಿನ ಸಭೆಗೆ ಇಡಲು ತೀರ್ಮಾನಿಸಲಾಯಿತು.

ಈ ‘ಲಾಯಿತು’ ನಮ್ಮ ಕಚೇರಿಯ ದೊಡ್ಡ ಕೊಡೆ.
ಅದರಡಿ ಒಂಬತ್ತು ಸದಸ್ಯರು, ಅಧ್ಯಕ್ಷೆ, ಪಿಡಿಒ, ನಾನು,
ಒಬ್ಬರ ಹೆಗಲೂ ನೆನೆಯದಂತೆ ನಿಲ್ಲಬಹುದು.
ಪರಿಶೀಲಿಸಲಾಯಿತು. ಮುಂದೂಡಲಾಯಿತು.
ಕಾರವಾರಕ್ಕೆ ಕಳಿಸಲಾಯಿತು.
ಕಾರವಾರದಿಂದ ವಾಪಸು ಬಂತು, ಇದೊಂದು ಮಾತ್ರ ತಾನಾಗಿಯೇ.

ಐದನೇ ಸಲ ಅವಳು ಬಂದಾಗ
ಕಂಕುಳಲ್ಲಿ ಒಂದು ಕೂಸು.
ನಿರಾಕ್ಷೇಪಣಾ ಪತ್ರವಿಲ್ಲದೆ, ಸೀರೆಯ ಪರದೆಯನ್ನೇ ನಂಬಿ
ಬಂದುಬಿಟ್ಟಿದ್ದಾನೆ.
ಈಗ ಮಲಗುವವರು ಏಳು. ಅರ್ಜಿ ತಿದ್ದಬೇಕೇ ಎಂದು ಕೇಳಿದಳು.
ಬೇಡ ಅಂದೆ. ಆ ಕಾಲಂ ನಮ್ಮಲ್ಲಿಲ್ಲ.

ಆರನೆಯ ಸಭೆ ಹದಿನೆಂಟು ನಿಮಿಷ.
ಅರ್ಜಿಯನ್ನು ತಿರಸ್ಕರಿಸಲಾಯಿತು.

ಮರುದಿನ ಕಿಟಕಿಯಾಚೆ ನಿಂತಳು, ಬುಟ್ಟಿ ಇಳಿಸದೆ.
ಹಿಂಬರಹ ಓದಿ ಹೇಳಿದೆ.
ಅವಳು ಕೇಳಿದಳು: ‘ಕೋಣೆಂ?’
ಹೌದಮ್ಮ, ಕೋಣೆ. ಅದೇ. ಕೋಣೆಗೆ ಒಪ್ಪಿಗೆ ಸಿಗಲಿಲ್ಲ.
‘ಕೋಣೆಂ?’
ಹತ್ತು ಬೈ ಹನ್ನೆರಡರದ್ದು, ಅಂದೆ, ತುಸು ಜೋರಾಗಿ.
ಹಿಂದಿನ ಮೇಜಿನ ಸುಲಕ್ಷಾ ತಲೆಯೆತ್ತದೆ ಹೇಳಿದಳು:
‘ಸರ್, ಅವರು ರೂಮು ಕೇಳುತ್ತಿಲ್ಲ.
ಬೇಡ ಅಂದವರು ಯಾರು ಅಂತ ಕೇಳುತ್ತಿದ್ದಾರೆ.’

ಪುಸ್ತಕ ತೆರೆದೆ. ನನ್ನದೇ ಅಕ್ಷರ, ದುಂಡಗೆ.
ಹನ್ನೊಂದನೇ ವಿಷಯದ ಉದ್ದಕ್ಕೂ ಬೆರಳಿಟ್ಟು ಹುಡುಕಿದೆ.
ಅರ್ಜಿ ಇತ್ತು, ಚರ್ಚೆ ಇತ್ತು, ಕ್ರಿಯಾಪದ ಸಾಲಾಗಿ ಕೂತಿತ್ತು,
ಮಾಡಿದವರು ಮಾತ್ರ ಎದ್ದುಹೋಗಿದ್ದರು.

ಅವಳ ಭಾಷೆಯಲ್ಲಿ ಹೇಳೋಣವೆಂದರೆ
ಸಂತೆಯಲ್ಲಿ ಕಲಿತ ನಾಲ್ಕು ಮಾತು ನನ್ನವು;
ಆ ನಾಲ್ಕರಲ್ಲಿ ‘ಲಾಯಿತು’ ಇರಲಿಲ್ಲ.
ಕೂಸು ಕಿಟಕಿಯ ಸರಳು ಹಿಡಿದು ನೆಕ್ಕುತ್ತಿತ್ತು.

‘ಹಾಂವೆಂ’ ಅಂದೆ.
ಬರೆದದ್ದು ನಾನು. ಹಾಂವೆಂ ಬರಯ್ಲೆಂ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು,
ತೂಕ ಹೇಳುವ ಮೊದಲು ಮೀನು ನೋಡುವಂತೆ.
ಆಮೇಲೆ ನನ್ನ ಉಚ್ಚಾರ ತಿದ್ದಿದಳು, ಎರಡು ಸಲ, ಮೂಗಿನಲ್ಲಿ ಎಳೆದು.
ಬುಟ್ಟಿಯ ಅಡಿಯಿಂದ ಪ್ಲಾಸ್ಟಿಕ್ ಚೀಲ ತೆಗೆದು
ನಕ್ಷೆಯ ಇನ್ನೊಂದು ಪ್ರತಿಯನ್ನು ಸರಳಿನೊಳಗೆ ತೂರಿಸಿದಳು.
ಅಂಚು ಒದ್ದೆಯಾಗಿತ್ತು. ಪಶ್ಚಿಮದ ಕಡೆ.